ಪಿಯಾನೋ ಮತ್ತು ಖಾಸಿಂಸಾಬರ ಬ್ಯಾಂಡು

ಎಡಗಡೆಯ ಆ ಕರಿ ಪಟ್ಟಿ ಒತ್ತಿದರೆ ಒಳಗೇ ಕೂತುಬಿಡುತ್ತದೆ, ಬೆರಳು ಕೊಟ್ಟು ಎಬ್ಬಿಸಬೇಕು, ಪಾದ್ರಿಗಳ ಕಾಲದ ಪಿಯಾನೋ, ಅದಕ್ಕೂ ವಯಸ್ಸಾಯಿತು, ಇರಲಿ — ಎರಡನೆಯ ಭಾಗ ಮುಗಿಯುತ್ತ ಬಂತು, ಬೆಟಗೇರಿ ಶಾಲೆಯ ಈ ಹಾಲಿನಲ್ಲಿ ಇಷ್ಟು ಮಂದಿ ಇಷ್ಟು ಹೊತ್ತು ಸುಮ್ಮನೆ ಕೂತದ್ದೇ ದೊಡ್ಡದು ಎಂದು ಅಲ್ಮಾಸಬಿಗೆ ನಗು ಬರುತ್ತದೆ, ಬಲಗೈ ತನ್ನ ಪಾಡಿಗೆ ತಾನು ನಡೆದಿದೆ, ಕಿಟಕಿಯ ಬಿಸಿಲಿನಲ್ಲಿ ಹತ್ತಿಯ ಎಳೆ ತೇಲುತ್ತಿದೆ, ಮುಂದಿನ ಸಾಲಿನಲ್ಲಿ ತಾಯಿ ಜನ್ನತಬಿ, ಇದೇ ನೆಲ ಒರೆಸಿದವಳು, ಒರೆಸುವಾಗ ಮಗಳು ಕಾಲಲ್ಲಿ ತೊಡರದಿರಲಿ ಎಂದು ಹಾಡಿನ ಟೀಚರು ಈ ಪಟ್ಟಿಗಳ ಮುಂದೆ ಎತ್ತಿ ಕೂಡಿಸಿದ್ದರು, ಅಲ್ಲಿಂದ ಮುಂಬಯಿ, ಅರವತ್ತೇಳನೆಯ ಇಸವಿಯಲ್ಲಿ ಹೋದದ್ದು, ಈಗ ಎಂಬತ್ಮೂರು, ಈಗ ಅವಳೇ ಬರೆದ ಈ ಕಾನ್ಚೆರ್ಟೋ — ಹಂಗಂದ್ರೇನ್ರಿ ಬಾಯಾರ, ಎಂದಿದ್ದರು ಖಾಸಿಂಸಾಬರು, ಮುಂಡರಗಿಯ ಮದುವೆ ಬ್ಯಾಂಡಿನ ಮಾಸ್ತರರು, ನಾ ಒಬ್ಬಾಕಿ ಪಿಯಾನೋದಾಗ ಒಂದು ಮಾತು ಹೇಳೋದು ಮಾಮು, ನಿಮ್ಮ ಹನ್ನೊಂದು ಮಂದಿ ಉತ್ತರ ಕೊಡೋದು, ಅಂದ್ರ ಸವಾಲ್-ಜವಾಬ್ ಅನ್ರಲ್ಲ, ಅದಕ್ಕ ಇಷ್ಟುದ್ದ ಹೆಸರು ಯಾಕ ಬೇಕು — ಚಿಕ್ಕಂದಿನಲ್ಲಿ ಎತ್ತಿ ಆಡಿಸಿದ ಮಾಮುವೂ ಈಗ ದೊಡ್ಡವರನ್ನು ಕರೆದಂತೆ ಬಾಯಾರ ಅನ್ನುತ್ತಾರೆ, ಅದೊಂದೇ ಚುಚ್ಚುತ್ತದೆ, ಮತ್ತು ಮೂರನೆಯ ಭಾಗ, ಅದು ಇವತ್ತೂ ಎದ್ದು ನಿಲ್ಲದಿದ್ದರೆ ಅದನ್ನು ತೆಗೆದೇ ಹಾಕಿರಿ ಎಂದು ನಾಳೆ ಮುಂಬಯಿಯ ವಾದ್ಯಮೇಳದವರಿಗೆ ಕಾಗದ ಬರೆಯುವುದು, ಅಷ್ಟೇ.

ಮೂರನೆಯದು ಶಿರಹಟ್ಟಿಯದು, ತಂದೆಯದು, ಮೊಹರಮ್ಮಿನ ಹೆಜ್ಜೆಮೇಳ, ಗೆಜ್ಜೆ ಕಟ್ಟಿ ಸುತ್ತು ತಿರುಗುವ ಹತ್ತು ಜನ, ತಂದೆ ಮಹಬೂಬಸಾಬ ಒಂದು ಸಾಲು ಹಾಡುತ್ತಾನೆ, ಕೊನೆಯ ಮಾತು ಇನ್ನೂ ಅವನ ಹಲ್ಲಿನಲ್ಲೇ ಇರುತ್ತದೆ, ಅಷ್ಟರಲ್ಲಿ ಹಿಮ್ಮೇಳದ ತಿರಕಪ್ಪ ಅದನ್ನು ಕಸಿದು ಮೇಲಕ್ಕೆತ್ತುತ್ತಾನೆ, ಲೇ ತಿರಕ್ಯಾ, ನನ್ನ ಬಾಯಾಗಿನ ತುತ್ತರ ನುಂಗಾಕ ಬಿಡಲೇ, ನೀ ನುಂಗೂತನಕ ಕಾದ್ರ ಇವರ ಕಾಲು ನಿಲ್ತಾವಲೇ ಮಾಬ್ಯಾ, ಮತ್ತ ಎಬ್ಬಸಾವ್ರು ಯಾರು ನಿಮ್ಮಪ್ಪನ — ಆ ಕಸಿಯುವುದನ್ನೇ ಅವಳು ಕಾಗದದ ಮೇಲೆ ಬರೆದಿದ್ದಳು, ಮುಂಬಯಿಯ ಪಿಟೀಲಿನವರು ಒಂದು ಎರಡು ಮೂರು ಎಂದು ಎಣಿಸಿ ಕಸಿದುಕೊಂಡರು, ತಪ್ಪಿಲ್ಲ, ಆದರೆ ಎಣಿಸಿ ಕಸಿಯುವುದು ಕಸಿಯುವುದಾದೀತೇ, ಅದಕ್ಕೇ ನಮ್ಮ ಮಂದಿ ಇದ್ದಾರಲ್ಲ ಎಂದು ಇಲ್ಲಿಗೆ ತಂದಳು, ಇವರೋ ಕಾಯುತ್ತಾರೆ, ಅವಳು ಮುಗಿಸುವತನಕ, ಖಾಸಿಂಸಾಬರ ಕೈ ಮೇಲೆದ್ದು ಇಳಿಯುವತನಕ, ಎಂಟು ದಿನ ಹೇಳಿದಳು, ನನ್ನ ಮುಗಸಾಕ ಬಿಡಬ್ಯಾಡ್ರಿ, ನಡುವ ಬಾಯಿ ಹಾಕ್ರಿ, ಅಯ್ಯ, ಓದಿದಾಕಿ ನುಡಸಾಕತ್ತಾಗ ನಡುವ ಊದಿದ್ರ ಮಂದಿ ನಮ್ಮ ಮುಖಕ್ಕ ಉಗಳತಾರ, ಎಂದರು ಎಲ್ಲರೂ, ಕ್ಲಾರಿನೆಟ್ಟಿನ ಬುಡ್ಡೇಸಾಬ ಮಾತ್ರ, ಬಾಯಾರ, ಈ ವಿದ್ಯಾ ನನ್ನ ಹೇಣ್ತಿ ಕಡೆ ಕಲೀರಿ, ಆಕಿ ನನ್ನ ಮಾತು ಮುಗಸಾಕ ಬಿಟ್ಟದ್ದ ಇಲ್ಲ, ಎಂದು ನಗಿಸಿದ, ಆದರೆ ಊದುವಾಗ ಅವನೂ ಕೈ ನೋಡುತ್ತ ನಿಂತ.

ಈಗ ಶುರುವಾಯಿತು, ಮೂರನೆಯದು, ಅವಳ ಸಾಲು ಏರುತ್ತದೆ, ಇಳಿಯುತ್ತದೆ, ಮುಗಿಯುತ್ತದೆ, ಎದುರಿಗೆ ಕೈ ಮೇಲಿದೆ, ತುತ್ತೂರಿಗಳೆಲ್ಲ ಕೆನ್ನೆ ಉಬ್ಬಿಸಿ ನಿಂತಿವೆ, ಕೈ ಇಳಿಯುತ್ತದೆ, ಜವಾಬು ಬರುತ್ತದೆ, ಚಂದವಾಗಿ, ತಡವಾಗಿ, ಬೀಗರ ಮನೆಯಲ್ಲಿ ಉಣ್ಣುವವರ ಹಾಗೆ, ಎರಡನೆಯ ಸಾಲು, ಮತ್ತೆ ಕೈ, ಮತ್ತೆ ಕಾಯುವುದು, ಹಿಂದಿನ ಸಾಲಿನಲ್ಲಿ ಯಾರೋ ಆಕಳಿಸಿದರು, ನಿನ್ನ ಸುತ್ತು ನಿಂತುಹೋಯಿತು ಅಬ್ಬಾ, ಕಾಲುಗಳು ನಿಂತುಹೋದವು, ಕಾಗದ ಬರೆಯುವುದೇ ಸರಿ — ಮೊನ್ನೆ ಡಂಬಳದ ಮದುವೆಯಲ್ಲಿ ಮದುಮಗನ ಕುದುರೆ ಕೆರೆಯ ಏರಿ ಮೇಲೆ ಮೊಂಡು ಬಿದ್ದು ನಿಂತಿತಲ್ಲ, ಮಂದಿ ನಗುವ ಮೊದಲೇ ಇದೇ ಬುಡ್ಡೇಸಾಬ ಊದಿಬಿಟ್ಟ, ಯಾರ ಕೈಸನ್ನೆಯೂ ಇರಲಿಲ್ಲ, ಯಾರದ ತಪ್ಪಾಗಲಿ ಬಾಯಾರ, ಮಂದಿಗೆ ತಿಳಿಯೂದ್ರೊಳಗ ಮುಚ್ಚೋದ ಬ್ಯಾಂಡಿನವರ ಧರ್ಮ, ಅಂದಿದ್ದ — ಮೂರನೆಯ ಸಾಲು ಏರಿತು, ಇನ್ನು ನಾಲ್ಕೇ ಸ್ವರ, ಅಲ್ಮಾಸಬಿ ಎರಡೂ ಕೈ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡಳು.

ಏನಾತಬೇ ಅಲ್ಮಾಸ, ಮರತಿ ಏನ — ಮಾಮುವಿನ ಗಾಬರಿಯ ಪಿಸುಮಾತು, ಬಾಯಾರ ಇಲ್ಲ, ಅಲ್ಮಾಸ, ಅದನ್ನು ಕೇಳಿ ಸುಖಪಡುವುದರೊಳಗೆ ಬುಡ್ಡೇಸಾಬ ಆ ನಾಲ್ಕು ಸ್ವರ ಕಸಿದು ಎತ್ತಿಯೇಬಿಟ್ಟ, ಹಿಂದೆಯೇ ಕಾರ್ನೆಟ್ಟು, ಡೋಲಿನ ಸಕ್ರಪ್ಪ ಅಂತೂ ಕಣ್ಣು ಮುಚ್ಚಿ ಬಡಿದ, ಹುಡುಗಿಯ ಮಾನ ಹೋಗುತ್ತಿದೆ, ಮುಚ್ಚಬೇಕು, ಅಷ್ಟೇ ಅವರಿಗೆ, ಅವಳು ಅವರ ಸದ್ದಿನ ಒಳಗೇ ಮುಂದಿನ ಸಾಲು ಎತ್ತಿದಳು, ಈ ಸಲ ನಿಲ್ಲಿಸಲೂ ಇಲ್ಲ, ಆದರೆ ಇನ್ನು ಇವಳು ಮುಗಿಸುತ್ತಾಳೆಂದು ನಂಬುವವರು ಯಾರು, ಮುಗಿಯುವ ಮೊದಲೇ ಬಂದು ಕಸಿದರು, ಅದರ ಮುಂದಿನದನ್ನೂ ಕಸಿದರು, ಕಸಿದುಕೊಳ್ರೋ, ಕಸಿದುಕೊಳ್ರಿ, ಸಕ್ರಪ್ಪನ ಹಿಮ್ಮಡಿ ನೆಲ ಗುದ್ದುತ್ತಿದೆ, ಹಾಲಿನ ಬೆಂಚುಗಳು ಕಿರುಗುಟ್ಟುತ್ತಿವೆ, ಕಾಗದ ಇಲ್ಲ, ಯಾವ ಕಾಗದವೂ ಇಲ್ಲ, ಅವಳು ನಗುತ್ತ ತಲೆ ಎತ್ತಿ ನೋಡಿದರೆ ಖಾಸಿಂಸಾಬರ ಕೈ, ಅದು ಇಳಿದೇ ಇಲ್ಲ, ಯಾರೂ ಅದನ್ನು ನೋಡುತ್ತಿಲ್ಲ, ಅವರಿಗೇ ಅದರ ನೆನಪಿಲ್ಲ, ಮೇಲೇ ಇದೆ ಆ ಕೈ, ಐದೂ ಬೆರಳು ಅಗಲಿಸಿ, ಗಾಳಿಯಲ್ಲಿ, ಆ ಕೈ —