ಮದರಂಗಿಯ ಅಡಿಯ ಮಚ್ಚೆ

ಪಂಚಮಿ ಬಂತೆಂದರೆ ಸವಣೂರಿನ ನಮ್ಮ ಓಣಿಯ ಹೆಂಗಸರು ಮದರಂಗಿ ಹಚ್ಚಿಸಿಕೊಳ್ಳಲು ನನ್ನ ಹತ್ತಿರ ಬರುತ್ತಾರೆ. ನಾನು ಗುಲ್ನಾಜ. ಮಾತು ಕಡಿಮೆ. ಆದರೆ ಯಾರ ಕೈಕಾಲು ಹೇಗಿವೆ ಎಂಬುದು ನನಗೆ ನೆನಪಿರುತ್ತದೆ.

ಪಕ್ಕದ ಮನೆಯ ಫಕ್ಕೀರವ್ವ ದೊಡ್ಡವ್ವ ಕಾಲು ಚಾಚಿ ಕುಳಿತಳು. ಅಂಗಾಲಿನಲ್ಲಿ, ಮಾಸಿದ ಹಳೆ ಮದರಂಗಿ ಬಣ್ಣದ ನಡುವೆ, ಒಂದು ಕರಿ ಮಚ್ಚೆ. ಹೋದ ಪಂಚಮಿಗೆ ಎಳ್ಳಿನಷ್ಟಿತ್ತು. ಈಗ ಅಲಸಂದಿ ಕಾಳಿನಷ್ಟು. ಅಂಚು ಸೊಟ್ಟ. ಅರ್ಧ ಕಪ್ಪು, ಅರ್ಧ ಕಂದು.

"ಅದರ ಮ್ಯಾಲ ದಪ್ಪಗ ಹಚ್ಚವಾ, ಕಾವು ಇಳೀತೈತಿ. ತಿಂಗಳಾ ತಿಂಗಳಾ ನಾನ ಅರದು ಹಚ್ಚಕೋತೇನಿ."

ಅದಕ್ಕೇ ಅದು ಬೆಳೆದದ್ದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

"ದೊಡ್ಡವ್ವ, ಇದರಾಗಿಂದ ರಕ್ತ ಬರ್ತೈತೇನ್ರಿ?"

"ಚಪ್ಪಲಿ ತಿಕ್ಕಿದಾಗ ಒಂದೀಟು. ನೀ ಮದರಂಗಿ ಹಚ್ಚಾಕ ಕುಂತಿಯೋ, ಡಾಕ್ಟರ್ಕಿ ಮಾಡಾಕೋ?"

ಕುಳಿತವರೆಲ್ಲ ನಕ್ಕರು. ನನ್ನ ಮುಖ ಬಿಸಿಯಾಯಿತು. ಆದರೂ ಕೋನ್ ಕೆಳಗಿಟ್ಟು, ಆಶಾ ಕಾರ್ಯಕರ್ತೆ ಸುಧಾರಾಣಿ ಅಕ್ಕನನ್ನು ಕರೆತಂದೆ.

ಅಕ್ಕ ಕಾಲನ್ನು ಬೆಳಕಿಗೆ ತಿರುಗಿಸಿ ನೋಡಿದಳು. "ನಾಳೇನ ಹಾವೇರಿ ಜಿಲ್ಲಾ ಆಸ್ಪತ್ರೆಗೆ ಹೋಗ್ರಿ. ಚರ್ಮದ ಡಾಕ್ಟರಿಗೆ ತೋರಸ್ರಿ."

ದೊಡ್ಡವ್ವನ ಮಗ ರುದ್ರೇಶ ಬಾಗಿಲಲ್ಲಿ ನಿಂತಿದ್ದ. "ನನ್ನ ಮೈತುಂಬ ಮಚ್ಚಿ ಅದಾವ ಅಕ್ಕಾ, ಏನಾಗೈತಿ? ಸುಣ್ಣ-ಸೋಡಾ ಹಚ್ಚಿ ಸುಟ್ರ ಮುಗೀತು."

"ನಿನ್ನವು ಮೊದಲಿನಿಂದ ಇದ್ದಂಗ ಅದಾವ. ಭಾಳಷ್ಟು ಮಚ್ಚಿ ಏನೂ ಮಾಡೂದಿಲ್ಲ. ಇದು ಬದಲಾಗಾಕತ್ತೈತಿ. ಸುಟ್ರ ಮ್ಯಾಲಿಂದು ಹೋಗಿ ಒಳಗಿಂದು ಉಳೀತೈತಿ."

"ಹಬ್ಬ ಮುಗೀಲಿ, ನೋಡೂಣು."

ನನಗೆ ತಡೆಯಲಾಗಲಿಲ್ಲ. "ಹೋದ ಹಬ್ಬದಿಂದ ಈ ಹಬ್ಬಕ್ಕ ಇಷ್ಟಾತು, ಅಣ್ಣಾ. ಇನ್ನೊಂದು ಹಬ್ಬಕ್ಕ?"

ಈ ಸಲ ಯಾರೂ ನಗಲಿಲ್ಲ.

ಮರುದಿನ ಮೊದಲ ಬಸ್ಸಿಗೇ ತಾಯಿ ಮಗ ಹೋದರು. ಡಾಕ್ಟರು ಮಚ್ಚೆಯನ್ನು ತೆಗೆದು ಪರೀಕ್ಷೆಗೆ ಕಳಿಸಿದರು. ರಿಪೋರ್ಟ್ ಬರುವವರೆಗೆ ದೊಡ್ಡವ್ವ ಸೀರೆಯ ಅಂಚಿನಲ್ಲಿ ಕಾಲು ಮುಚ್ಚಿಕೊಂಡೇ ಕಟ್ಟೆಯ ಮೇಲೆ ಕೂರುತ್ತಿದ್ದಳು. ರುದ್ರೇಶ ಫೋನು ಕೈಯಿಂದ ಬಿಡುತ್ತಿರಲಿಲ್ಲ.

ಅದು ಚರ್ಮದ ಕ್ಯಾನ್ಸರ್. ಬೇರೆ ಕಡೆ ಹರಡಿರಲಿಲ್ಲ. ಸುತ್ತಲಿನ ಚರ್ಮವನ್ನೂ ತೆಗೆದರು. ದೊಡ್ಡವ್ವ ಈಗ ಕುಂಟುತ್ತಲೇ ನಮ್ಮ ಮನೆತನಕ ಬರುತ್ತಾಳೆ. "ನೋಡು ಡಾಕ್ಟರಮ್ಮ," ಎಂದು ಮೊದಲು ಅಂಗಾಲು ತೋರಿಸಿ, ಆಮೇಲೆ ಮದರಂಗಿಗೆ ಕೈ ಚಾಚುತ್ತಾಳೆ.

ಅಕ್ಕಂದಿರೇ, ಅಣ್ಣಂದಿರೇ, ಮಚ್ಚೆ ಕಂಡರೆ ಹೆದರಬೇಡಿ. ಆದರೆ ಅದು ಬೆಳೆದರೆ, ಆಕಾರ ಇಲ್ಲವೆ ಬಣ್ಣ ಬದಲಾದರೆ, ತುರಿಸಿದರೆ, ರಕ್ತ ಬಂದರೆ, ಹೊಸದಾಗಿ ಹುಟ್ಟಿ ಹಿಗ್ಗುತ್ತಿದ್ದರೆ ಡಾಕ್ಟರಿಗೆ ತೋರಿಸಿ. ಸುಡಬೇಡಿ, ಕೊಯ್ಯಬೇಡಿ, ಬಣ್ಣ ಹಚ್ಚಿ ಮುಚ್ಚಬೇಡಿ. ಅಂಗಾಲನ್ನೂ ಉಗುರಿನ ಅಡಿಯನ್ನೂ ನೋಡಿಕೊಳ್ಳಿ. ಬೆನ್ನು ನಿಮಗೆ ಕಾಣದು. ಇವತ್ತೇ ಮನೆಯವರಿಗೆ ತೋರಿಸಿ.