ಯಾರೂ ಕೆಲಸ ಮಾಡದ ಕೆಂಪು ಗೆರೆ

ತಲೆಯ ಮೇಲೆ ಹನಿ, ತಣ್ಣಗೆ, ಸರಿಯಾಗಿ ಬೈತಲೆಯ ನಡುವೆ, ಸೆಂಟ್ರಿಂಗ್ ಹಲಗೆಗಳ ಸಂದಿಯಿಂದ ಇಳಿದದ್ದು, ಇಳಿಯಲಿ ಇಳಿಯಲಿ, ಹನಿಯುತ್ತಿದೆ ಎಂದರೆ ಮೇಲೆ ಹೊಸ ತಾರಸಿಯ ಮೋಲ್ಡು ಗಟ್ಟಿಯಾಗಲೆಂದು ಮಣ್ಣಿನ ಬದು ಕಟ್ಟಿ ನಿಲ್ಲಿಸಿದ ನೀರು ಇನ್ನೂ ಇದೆ, ಸದ್ಯ — ವಿಮಲಾಕ್ಷಿ ತಲೆ ಒರೆಸಿಕೊಳ್ಳಲಿಲ್ಲ, ಮೋಲ್ಡಿಗೆ ಆಸರೆ ಕೊಟ್ಟ ಸರ್ವೆ ಕಂಬವೊಂದನ್ನು ಎರಡೂ ಕೈಯಲ್ಲಿ ತಬ್ಬಿ ನಿಂತಿದ್ದಳು, ಬೈಯಪ್ಪನಹಳ್ಳಿ ಕಡೆಯಿಂದ ಗೂಡ್ಸು ರೈಲು ಕೂಗಿತು, ಕೂಗಲಿ, ಆಫೀಸಿನಲ್ಲಿ ಅವಳ ಕುರ್ಚಿ ಖಾಲಿ, ಅದೂ ಇರಲಿ. ಎದುರಿಗೆ ಸುತ್ತಿಗೆ ಹಿಡಿದ ಅಸ್ಗರ್, ಸೆಂಟ್ರಿಂಗ್ ಮೇಸ್ತ್ರಿ, ಶಿವಾಜಿನಗರದವನು, ಅವಳ ಮುಖ ನೋಡಲಾರದೆ ಹೊಡೆದು ತೆಗೆದರೆ ಕಂಬ ಕಳಚುವ ಬುಡದ ಬೆಣೆ ನೋಡುತ್ತಿದ್ದಾನೆ. ಪಕ್ಕಕ್ಕೆ ಸರೀರಿ ಮೇಡಂ, ಕಂಬ ಎಲ್ಲಾ ಇವತ್ತೇ ಬಿಚ್ಚು ಅಂದವ್ರೆ ಸಾಹೇಬ್ರು. ಬಿಚ್ಚಿದ್ರೆ ನಿಲ್ಲುತ್ತಾ ಅಸ್ಗರ್, ನಿಜ ಹೇಳಿ. ನಿಂತ್ರೂ ನಿಂತೀತು ಮೇಡಂ, ಅಲ್ಲಾಗೇ ಗೊತ್ತು. ನಿಂತ್ರೂ ನಿಂತೀತು! ಜನ ಮಲಗುವ ಮನೆಯ ಸೂರಿಗೆ ಹೇಳುವ ಮಾತೇ ಇದು, ಹಸಿ ಮೋಲ್ಡು ಜೋತು ಬೀಳುವುದು ಇಂದಲ್ಲದಿದ್ದರೆ ನಾಳೆ, ಯಾರದೋ ತೊಟ್ಟಿಲ ಮೇಲೆ, ಆಗ ಅಲ್ಲಾನನ್ನು ಕರೆಯುತ್ತಾರೋ ಎಂಜಿನಿಯರನ್ನು ಕರೆಯುತ್ತಾರೋ.

ಬೆಳಿಗ್ಗೆ ಆಫೀಸಿನ ಗೋಡೆಯ ಮೇಲಿನ ಚಾರ್ಟು ನೋಡಿದ್ದೇ ಇದಕ್ಕೆಲ್ಲ ಶುರು. ಆ ಚಾರ್ಟು ಅವಳದು, ಫ್ಯಾಕ್ಟರಿಯವರ ಈ ಸ್ಟಾಫ್ ಕಾಲೊನಿಯಲ್ಲಿ ಯಾವ ಕೆಲಸ ಯಾವತ್ತು ಶುರು, ಯಾವತ್ತು ಮುಕ್ತಾಯ ಎಂದು ಅವಳೇ ಕೂತು ಲೆಕ್ಕ ಹಾಕಿ ಗೆರೆ ಎಳೆದದ್ದು, ಪಾಯಕ್ಕೆ ಕಂದು, ಗೋಡೆಗೆ ನೀಲಿ, ಮೋಲ್ಡು ಗಟ್ಟಿಯಾಗುವ ದಿನಗಳಿಗೆ ಕೆಂಪು, ಆ ಕೆಂಪು ಕಂಡರೇ ಎಂಜಿನಿಯರ್ ಯಜ್ಞನಾರಾಯಣರಿಗೆ ಮೈ ಉರಿ. ಏನ್ರೀ ಇದು, ಈ ಗೆರೆ ಪೂರ್ತಿ ಒಬ್ಬನೂ ಕೆಲಸ ಮಾಡಲ್ವಲ್ಲ, ಬರೀ ವೇಸ್ಟು, ಅರ್ಧಕ್ಕೆ ಇಳಿಸಿ. ಆಗಲ್ಲ ಸಾರ್. ಆಗಲ್ಲ ಅಂದ್ರೆ? ಆಗ ಮೋಲ್ಡೇ ಕೆಲಸ ಮಾಡ್ತಿರುತ್ತೆ ಸಾರ್. ಆಹಾ, ಎಂಥ ನಗು ನಕ್ಕರು, ಅವರು ನಕ್ಕರೆಂದು ಕೋಣೆಯೆಲ್ಲ ನಕ್ಕಿತು, ನಗಲಿ, ಸಿಮೆಂಟಿನ ಪರ್ಮಿಟ್ಟು ತಡ ಮಾಡಿದ್ದು ಇವರೇ, ಆ ತಡವನ್ನೆಲ್ಲ ಮುಚ್ಚಿಹಾಕಲು ಸಿಕ್ಕಿದ್ದು ಬಾಯಿಲ್ಲದ ಆ ಗೆರೆ, ಅವಳು ಮುಟ್ಟುವುದಿಲ್ಲ ಎಂದದ್ದಕ್ಕೆ ತಾವೇ ಬ್ಲೇಡು ಹಿಡಿದು ಕೆರೆದಿದ್ದಾರೆ, ಕೆರೆದ ಜಾಗದಲ್ಲಿ ಕಾಗದ ಬಿಳಿಚಿಕೊಂಡು ಜುಂಗು ಎದ್ದಿದೆ, ಅದನ್ನು ಕಂಡವಳೇ ಓಡಿಬಂದದ್ದು. ಕಾಗದ ಕೆರೆದರೆ ತಾರಸಿ ಬೇಗ ಗಟ್ಟಿಯಾಗುತ್ತದೆಯೇ ಸ್ವಾಮಿ, ಹಾಗಿದ್ದರೆ ಪಂಚಾಂಗವನ್ನೂ ಕೆರೆದುಬಿಡಿ, ಆಷಾಢವೇ ಬರುವುದು ಬೇಡ.

ಆಷಾಢ, ಎಲ್ಲದರ ಮೂಲ ಅದೇ. ಆಷಾಢ ಹುಟ್ಟಿತೆಂದರೆ ಗೃಹಪ್ರವೇಶವಿಲ್ಲ, ಅದಕ್ಕೇ ಮನೆ ಮಂಜೂರಾದವರ ಮನೆ ಹೆಂಗಸರೆಲ್ಲ ಒಟ್ಟಾಗಿ ಯಜ್ಞನಾರಾಯಣರ ಮುಂದೆ ಹೋಗಿ ನಿಂತರು, ಅಷ್ಟರೊಳಗೆ ಬೀಗದಕೈ ಕೊಡಿ ಎಂದು, ಮುಂದಾಳು ಯಾರು, ಬೇರೆ ಯಾರು, ಅವಳ ಸ್ವಂತ ಅತ್ತೆ ಸೀತಮ್ಮ! ಹೌದು, ಇದೇ ಮನೆ ಚೀಟಿ ಎತ್ತಿದಾಗ ವಿಮಲಾಕ್ಷಿಗೆ ಬಂದದ್ದು, ಈಗ ಹನಿಯುತ್ತಿರುವುದು ಅವಳದೇ ನಡುಮನೆಯ ಸೂರು, ಜೋಗುಪಾಳ್ಯದ ಒಂದೇ ಕೋಣೆಯಲ್ಲಿ ಅತ್ತೆ, ಗಂಡ, ಮಗು, ಸೀಮೆಎಣ್ಣೆ ಸ್ಟವ್ವು, ಸ್ನಾನಕ್ಕೆ ವಠಾರದವರ ಸರದಿ, ಸ್ವಂತದ್ದೊಂದು ಬಚ್ಚಲು ಅವಳಿಗೆ ಬೇಡವೇ, ಅದರ ಆಸೆಯಲ್ಲಿ ಸಾಯುತ್ತಿದ್ದಾಳೆ ಅವಳು, ಆದರೂ. ಹಟ ಮಾಡಿದ್ರೆ ಪಟ್ಟಿಯಿಂದ ನಿಮ್ಮ ಹೆಸರೇ ಹೊಡೆದು ಹಾಕಿಸ್ತೀನಿ ಎಂದಿದ್ದಾರೆ ಯಜ್ಞನಾರಾಯಣರು. ನಿನ್ನೆ ಅತ್ತೆ ಪಾತ್ರೆ ಕುಕ್ಕುತ್ತ, ನಿನ್ನ ಗೆರೆ ಹೆಚ್ಚೋ ನಮ್ಮನೆ ಹೆಚ್ಚೋ, ಸುಮ್ನೆ ಬಿದ್ಕೊಂಡಿರೋ ತಾರಸಿಗೆ ಅಷ್ಟು ದಿನ ಯಾಕೆ ಬೇಕೇ? ನನ್ನ ಬಾಣಂತನದಲ್ಲಿ ನೀವೇ ಅಲ್ವಾ ಅತ್ತೆ, ಸೊಂಟಕ್ಕೆ ಬಟ್ಟೆ ಬಿಗಿದು ಮಲಗಿಸಿದ್ದು, ಏಳೋಕೇ ಬಿಡ್ಲಿಲ್ಲ, ಆಗ ನಾನೇನು ಕೆಲಸ ಮಾಡ್ತಿದ್ದೆ? ಅತ್ತೆ ಕೈಯಲ್ಲಿದ್ದ ಪಾತ್ರೆಯನ್ನು ಸದ್ದಾಗದಂತೆ ಕೆಳಗಿಟ್ಟು, ಮೆಲ್ಲಗೆ, ಹಸಿ ಬಾಣಂತಿ ಎದ್ದು ಓಡಾಡಿದ್ರೆ ಸೊಂಟ ಹೋಗ್ಬಿಡುತ್ತೆ ಕಣೇ, ಅಂದರು. ನಾನು ಹೇಳೋದೂ ಅಷ್ಟೇ ಅತ್ತೆ.

ಜೀಪು ನಿಂತ ಸದ್ದು, ಯಜ್ಞನಾರಾಯಣರು ಬಂದರು, ಬರಲಿ. ಏನ್ರೀ ವಿಮಲಾಕ್ಷಿ ಇದು ನಾಟಕ, ಈಚೆ ಬನ್ನಿ. ಬರಲ್ಲ ಸಾರ್. ಏಯ್ ಅಸ್ಗರ್, ಹೊಡಿಯೋ ಬೆಣೆ! ಅವಳು ಚಪ್ಪಲಿ ಕಳಚಿ ಬರಿಗಾಲನ್ನು ಬೆಣೆಯ ಮೇಲೆ ಊರಿದಳು, ಕಾಲುಂಗುರ ಮರಕ್ಕೆ ತಾಗಿ ಟಕ್ಕೆಂದಿತು, ಹೊಡೀರಿ ಅಸ್ಗರ್, ಇದರ ಮೇಲೇ ಹೊಡೀರಿ, ತೋಬಾ ತೋಬಾ ಎನ್ನುತ್ತ ಅಸ್ಗರ್ ಸುತ್ತಿಗೆಯನ್ನು ಕೆಳಗಿಟ್ಟೇಬಿಟ್ಟ, ಅವಳಿಗೆ ಭಯವಿಲ್ಲ ಎಂದವರಾರು, ಭಯವಿದೆ, ಮನೆ ಹೋಗುತ್ತದೆ, ಬಚ್ಚಲು ಹೋಗುತ್ತದೆ, ಹೋದರೆ ಹೋಗಲಿ, ಈ ಕಾಲು ಮಾತ್ರ ಇಲ್ಲಿಂದ ಏಳುವುದಿಲ್ಲ. ಮೋಲ್ಡಿಗೇನೂ ಆಗಲ್ಲ ಕಣ್ರೀ, ನನ್ನ ಸರ್ವೀಸಲ್ಲಿ ಇಂಥವು ಎಷ್ಟು ನೋಡಿಲ್ಲ, ಬಂಡೆ ಆಗಿದೆ ಅದು, ಬಂಡೆ — ಆದರೆ ಸಾಹೇಬರ ಈ ಮಾತು ಬಿಸಿಲಿನಿಂದ ಬರುತ್ತಿದೆಯಲ್ಲ, ನೆತ್ತಿ ಸುಡುವ ಬಿಸಿಲು, ಕರ್ಚೀಫಿನಲ್ಲಿ ಬೋಳುತಲೆ ಒರೆಸುತ್ತ ಆಚೆಯೇ ನಿಂತಿದ್ದಾರೆ, ಒಳಗೆ ಇಷ್ಟು ನೆರಳಿದೆ, ತಂಪಿದೆ, ಮತ್ತೆ ಯಾಕೆ ಆಚೆ? ಅವಳಿಗೆ ನಗು ಬಂತು, ಉಕ್ಕಿ ಬಂತು, ದನಿ ಎತ್ತಿ ಕರೆದಳು, ಬನ್ನಿ ಸಾರ್, ನಮ್ಮನೇಗೆ ಬನ್ನಿ, ಬಲಗಾಲಿಟ್ಟು ಒಳಗೆ ಬನ್ನಿ, ನಡುಮನೇಲಿ ನನ್ನ ಪಕ್ಕ ಬಂದು ನಿಂತ್ಕೊಳ್ಳಿ, ನೀವು ನಿಂತ್ಮೇಲೆ ಬೆಣೆ ನಾನೇ ಹೊಡೀತೀನಿ. ಯಜ್ಞನಾರಾಯಣರು ತಲೆ ಎತ್ತಿ ಮೋಲ್ಡು ನೋಡಿದರು, ಅಸ್ಗರ್ ಯಜ್ಞನಾರಾಯಣರನ್ನು ನೋಡಿದ, ಅವಳು ಅವರ ಕಾಲು ನೋಡಿದಳು, ಹೊಸ್ತಿಲಾಚೆ ಪಾಲಿಶು ಮಿರುಗುವ ಕರೀ ಬೂಟು, ಬಲಗಾಲಿನದು, ಹಿಮ್ಮಡಿ ಎದ್ದಿತು, ಇಳಿಯಿತು, ಬನ್ನಿ ಸಾರ್, ಎದ್ದಿತು, ಇಳಿಯಿತು, ಬನ್ನಿ, ಬೂಟು ಅಲ್ಲೇ, ಹೊಸ್ತಿಲಾಚೆ, ಬಿಸಿಲಿನಲ್ಲಿ, ಆ ಬೂಟು —