ಕಿಟಕಿಯ ಬಳಿ ನಿಂತವಳು

ಜಗಳ ಆಡಬೇಕೆಂದೇ ಆ ಲ್ಯಾಬಿಗೆ ಹೋಗಿದ್ದೆ. ಅಪ್ಪನ ಹಳೆಯ ಸಿನಿಮಾವನ್ನು ಹೊಸದಾಗಿ ಸಿದ್ಧಪಡಿಸುತ್ತಿದ್ದವರು ಕೊನೆಯ ದೃಶ್ಯಕ್ಕೆ ಬೆಳಕು ಬಳಿದಿದ್ದಾರೆ ಎಂದು ಕೇಳಿ ಮೈಯೆಲ್ಲ ಉರಿದುಹೋಗಿತ್ತು. ಕಿಟಕಿಯ ಬಳಿ ನಿಂತ ಹೆಂಗಸು, ಅಳುವಾಗ ಅಲುಗುವ ಭುಜ, ಕತ್ತಲಲ್ಲಿ ಮುಳುಗಿದ ಮುಖ. ಆ ಒಂದು ದೃಶ್ಯವೇ ಅಪ್ಪನನ್ನು ದೊಡ್ಡ ಛಾಯಾಗ್ರಾಹಕನನ್ನಾಗಿ ಮಾಡಿದ್ದು. ಮುಖವನ್ನೇ ತೋರಿಸದ ಆ ಧೈರ್ಯವನ್ನು ಎರಡು ತಲೆಮಾರಿನ ಕ್ಯಾಮೆರಾದವರು ನಕಲು ಹೊಡೆದಿದ್ದಾರೆ.

ಅಪ್ಪನ ಕಣ್ಣು ಈಗ ಮಂಜು, ಹಾಗಾಗಿ ಒಪ್ಪಿಗೆಯ ಸಹಿ ನನ್ನದು. ಜೊತೆಗೆ ಕರೆತಂದಿದ್ದ ಅವರನ್ನು ಕುರ್ಚಿಯಲ್ಲಿ ಕೂರಿಸಿ, ಬಣ್ಣ ತಿದ್ದುವವನ ಮೇಲೆ ಹರಿಹಾಯ್ದೆ.

“ಕತ್ತಲೆ ಅಂದ್ರೆ ತಪ್ಪು ಅಂದ್ಕೊಂಡ್ರಾ? ತಿದ್ದೋಕೆ ಯಾರು ಹೇಳಿದ್ದು ನಿಮಗೆ?”

“ನಾನೇನೂ ಬಳಿದಿಲ್ಲ ಮೇಡಂ. ನೆಗೆಟಿವ್‌ನಲ್ಲೇ ಇದೆ. ನೋಡಿ.”

ಇರಲೇಬೇಕು. ನೆಗೆಟಿವ್‌ಗೆ ಬೆಳಕು ಕೊಡುವಾಗ ಜಿಪುಣತನ ಮಾಡಬೇಡಿ, ಕತ್ತಲೆ ಬೇಕಿದ್ದರೆ ಆಮೇಲೆ ಪ್ರಿಂಟ್ ಹಾಕುವಾಗ ತಂದುಕೊಳ್ಳಿ ಎಂದು ಅಪ್ಪ ಜೀವಮಾನವಿಡೀ ಶಿಷ್ಯರ ತಲೆಗೆ ತುಂಬಿದವರು.

ಪರದೆಯ ಮೇಲೆ ಕಿಟಕಿ ಬಂತು. ಹೆಂಗಸು ಅರ್ಧ ತಿರುಗಿ, ಕ್ಯಾಮೆರಾದ ಹಿಂದಿದ್ದವರನ್ನು ನೇರ ನೋಡಿದಳು. ಅವಳು ಆ ಸಿನಿಮಾದ ನಾಯಕಿಯಲ್ಲ.

“ಅಮ್ಮ,” ಎಂದೆ.

ಅಪ್ಪ ಕೆಮ್ಮಿದರು. “ಆ ನಾಯಕಿ ಮಹಾತಾಯಿ ಜಗಳ ಆಡ್ಕೊಂಡು ಹೊರಟುಹೋಗಿದ್ಳು. ಮಾರನೇ ದಿನ ಸೆಟ್ ಒಡೀಬೇಕಿತ್ತು. ನಿಮ್ಮಮ್ಮ ಊಟದ ಡಬ್ಬಿ ತಂದಿದ್ಳು. ನಾಯಕಿ ಬಟ್ಟೆ ಹಾಕಿಸಿ ನಿಲ್ಲಿಸ್ದೆ. ಮುಖ ಗೊತ್ತಾಗ್ಬಾರ್ದು ಅಂತ ಆಮೇಲೆ ಪ್ರಿಂಟ್‌ನಲ್ಲಿ ಕತ್ತಲೆ ಮಾಡ್ಸಿದೆ.”

“ಅಳು ಹೇಗೆ ಬಂತು ಅವಳಿಗೆ?”

“ಬರ್ಲಿಲ್ಲ. ಎಲ್ಲರ ಮುಂದೆ ಬೈದೆ. ಬಂತು.”

ನನ್ನ ಸಿಟ್ಟು ಅಲ್ಲೇ ಅವರ ಕಡೆ ತಿರುಗಿತು. ಸಾವಿರಾರು ಮುಖಗಳಿಗೆ ಬೆಳಕು ಹಿಡಿದ ಈ ಮನುಷ್ಯ ಮನೆಯಲ್ಲಿ ಕ್ಯಾಮೆರಾ ಮುಟ್ಟಿದವರಲ್ಲ. ಅಮ್ಮ ತೀರಿಕೊಂಡಾಗ ಗೋಡೆಗೆ ಹಾಕಲು ನಮಗೆ ಸಿಕ್ಕಿದ್ದು ಗುರುತಿನ ಚೀಟಿಯ ಫೋಟೊ, ಅದೂ ಅರ್ಧ ಕೆನ್ನೆಯ ಮೇಲೆ ಸೀಲು ಬಿದ್ದದ್ದು. ಟಿವಿಯಲ್ಲಿ ಈ ದೃಶ್ಯ ಬಂದಾಗಲೆಲ್ಲ ಅವಳು ಎದ್ದು ಅಡುಗೆಮನೆಗೆ ಹೋಗುತ್ತಿದ್ದಳು. ಅಮ್ಮನಿಗೆ ಸಿನಿಮಾದ ಗಂಧಗಾಳಿಯೇ ಇಲ್ಲವೆಂದು ನಾವೆಲ್ಲ ನಗುತ್ತಿದ್ದೆವು. ಅಪ್ಪನೂ ನಗುತ್ತಿದ್ದರು. ಅದನ್ನು ನೆನೆದರೆ ಈಗಲೂ ಹಲ್ಲು ಕಚ್ಚುವಂತಾಗುತ್ತದೆ.

“ಮೊದಲಿನ ಹಾಗೇ ಕತ್ತಲೆ ಮಾಡ್ಸು,” ಎಂದರು ಅಪ್ಪ. “ಐವತ್ತು ವರ್ಷ ಇದರ ಮೇಲೆ ಪಾಠ ಮಾಡಿದೀನಿ. ನನ್ನ ಹೆಸರು ಮಣ್ಣುಪಾಲಾಗುತ್ತೆ ಕಣೇ.”

“ಆಗ್ಲಿ.”

ತಿದ್ದುವವನು ನಮ್ಮಿಬ್ಬರನ್ನೂ ನೋಡಿದ. ಅವನ ಕೈಯಿಂದ ಒಪ್ಪಿಗೆ ಪತ್ರ ಕಿತ್ತುಕೊಂಡು, ಹಾಳೆ ಹರಿಯುವಷ್ಟು ಒತ್ತಿ ಸಹಿ ಹಾಕಿದೆ. ಕೆಳಗೆ ಅಮ್ಮನ ಹೆಸರನ್ನು ದೊಡ್ಡದಾಗಿ ಬರೆದೆ.

“ಮುಖ ಹೀಗೇ ಇರ್ಲಿ. ಈ ಹೆಸರನ್ನೂ ಪರದೆ ಮೇಲೆ ಸೇರ್ಸಿ.”

“ಏನಂತ ಹಾಕ್ಲಿ ಮೇಡಂ? ಛಾಯಾಗ್ರಾಹಕರ ಪತ್ನಿ ಅಂತಾನಾ?”

“ನಟಿ ಅಂತ ಹಾಕಿ.”